ಹೇಳಿದ ಮಗುವಿನ ಕೈಯಿಂದ ಆಟ ಕಸಿಯಬೇಡಿ

ಪತ್ರ: ‘11 ವರ್ಷದ ನನ್ನ ಮಗನಿಗೆ ಆನ್‌ಲೈನ್ ಆಟವೊಂದರಲ್ಲಿ ಪರಿಚಯವಾದ ವ್ಯಕ್ತಿ ತಿಂಗಳುಗಟ್ಟಲೆ ಆಟದ ನಾಣ್ಯಗಳನ್ನೂ ಉಡುಗೊರೆಗಳನ್ನೂ ಕೊಡುತ್ತಿದ್ದ. ಕೊನೆಗೆ ಬೇರೊಂದು ಚಾಟ್ ಆ್ಯಪ್‌ಗೆ ಕರೆದು ಫೋಟೋ ಕೇಳಿದ್ದಾನೆ. ಮಗ ಹೆದರಿ ನನಗೆ ಹೇಳಿದ. ಅದೇ ರಾತ್ರಿ ಆಟದ ಖಾತೆಯನ್ನು ಅಳಿಸಿ, ಟ್ಯಾಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. 16 ವರ್ಷದವರೆಗೆ ಇಂತಹ ಆಟಗಳನ್ನೇ ನಿಷೇಧಿಸಬೇಕೆಂದು ನಿಮ್ಮ ಪತ್ರಿಕೆ ಏಕೆ ಒತ್ತಾಯಿಸುವುದಿಲ್ಲ?’
– ಒಬ್ಬ ತಾಯಿ (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರದ ನಡುವೆ ‘ಮಗ ಹೆದರಿ ನನಗೆ ಹೇಳಿದ’ ಎಂಬ ಪುಟ್ಟ ವಾಕ್ಯವೊಂದಿದೆ. ನೀವು ಅದನ್ನು ಬರೆದು ಮುಂದಕ್ಕೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಎಷ್ಟೋ ಮನೆಗಳಲ್ಲಿ ಹೆತ್ತವರಿಗೆ ಇಂತಹ ವಿಷಯ ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಿಮ್ಮ ಮಗ ಯಾರೂ ಕೇಳದೆ ತಾನಾಗಿ ಬಂದು ಹೇಳಿದ್ದಾನೆ. ಅಷ್ಟು ಧೈರ್ಯ ಅವನಿಗೆ ಬಂದದ್ದು ನೀವು ಬೆಳೆಸಿದ ರೀತಿಯಿಂದ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಅದಕ್ಕೆ ಪ್ರತಿಯಾಗಿ ಅವನಿಗೆ ಸಿಕ್ಕಿದ್ದೇನು? ತಪ್ಪು ಮಾಡಿದವನು ಈ ಹೊತ್ತಿಗೆ ಇನ್ನೊಂದು ಮಗುವಿನೊಡನೆ ಆಡುತ್ತಿರಬಹುದು. ನಿಜ ಹೇಳಿದವನ ಟ್ಯಾಬ್ ಬೀರುವಿನಲ್ಲಿದೆ.

ನಿಷೇಧ ಬೇಕೆನ್ನುವ ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ತೀರ ಎಳೆಯ ಮಕ್ಕಳಿಗೆ ಅಪರಿಚಿತರೊಡನೆ ಆಡುವ ಆಟಗಳು ಬೇಕಾಗಿಯೇ ಇಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನಿನಿಂದ ಆಟಕ್ಕೆ ಬಾಗಿಲು ಹಾಕಿ ನೋಡಿದ ದೇಶವೂ ಇದೆ. 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗಿನ 6 ಗಂಟೆಯವರೆಗೆ ಆನ್‌ಲೈನ್ ಆಟ ಆಡುವಂತಿಲ್ಲವೆಂದು ದಕ್ಷಿಣ ಕೊರಿಯಾ 2011ರಲ್ಲಿ ಕಾನೂನು ಜಾರಿಗೆ ತಂದಿತು. ಮಕ್ಕಳು ತಂದೆತಾಯಿಯ ಗುರುತಿನ ಸಂಖ್ಯೆ ಬಳಸಿ ಒಳಗೆ ಹೋದರು, ಕಾನೂನಿನ ವ್ಯಾಪ್ತಿಯಿಂದ ಹೊರಗಿದ್ದ ಮೊಬೈಲ್ ಆಟಗಳತ್ತ ಹೊರಳಿದರು. 2021ರಲ್ಲಿ ಸರ್ಕಾರ ಅದನ್ನು ಕೈಬಿಡಲು ನಿರ್ಧರಿಸಿತು. ಆ ಕಾನೂನು ಮಕ್ಕಳ ನಿದ್ದೆಯನ್ನು ಕಾಯಲು ಬಂದದ್ದು, ನಮ್ಮ ವಿಷಯ ಅದಕ್ಕಿಂತ ಭಾರವಾದದ್ದು ಎಂಬುದು ನಿಜ. ಆದರೂ ಅಪ್ಪನ ಹೆಸರಿನ ಖಾತೆಯಲ್ಲಿ ಆಡುವ ಮಗು ಕಂಪನಿಯ ಲೆಕ್ಕದಲ್ಲಿ ವಯಸ್ಕ. ಮಕ್ಕಳಿಗೆಂದು ಇಟ್ಟಿರುವ ಯಾವ ಮಿತಿಯೂ ಅವನನ್ನು ಕಾಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕದ್ದು ಆಡುವ ಮಗು ಆಪತ್ತು ಬಂದಾಗ ಬಾಯಿ ಬಿಡಲಾರದು.

ಹೊಂಚುಹಾಕುವವನು ಬಂಡವಾಳ ಮಾಡಿಕೊಳ್ಳುವುದು ಇದೇ ಮೌನವನ್ನು. ಅವನ ಹೆಜ್ಜೆಗಳನ್ನು ಹತ್ತಿರದಿಂದ ನೋಡಿ. ಮೊದಲು ಮಗುವಿಗೆ ಕಷ್ಟವಾದ ಹಂತವೊಂದನ್ನು ದಾಟಿಸುತ್ತಾನೆ. ಆಮೇಲೆ ಅದು ಆಸೆಪಟ್ಟ ಸ್ಕಿನ್ (ಆಟದ ಪಾತ್ರಕ್ಕೆ ತೊಡಿಸುವ ವೇಷ) ಒಂದನ್ನು ಕೊಡಿಸಿ ಫ್ರೆಂಡ್ ಪಟ್ಟಿಗೆ ಸೇರುತ್ತಾನೆ, ಮನೆಯವರು ಬೈದ ದಿನ ಸಮಾಧಾನ ಹೇಳುತ್ತಾನೆ. ಸಲುಗೆ ಬೆಳೆದ ಮೇಲೆ ಬೇರೆ ಆ್ಯಪ್‌ಗೆ ಕರೆಯುತ್ತಾನೆ. ಮಕ್ಕಳು ಹೆಚ್ಚಾಗಿ ಆಡುವ ಕೆಲವು ಆಟಗಳ ಚಾಟ್‌ನಲ್ಲಿ ಫೋನ್ ನಂಬರ್ ಬರೆದರೆ ಆಟವೇ ಅದನ್ನು ತಡೆಯುತ್ತದೆ, ಅಂಕಿಗಳ ಜಾಗದಲ್ಲಿ ಹ್ಯಾಷ್ (#) ಗುರುತುಗಳ ಸಾಲು ಕಾಣಿಸುತ್ತದೆ. ರೋಬ್ಲಾಕ್ಸ್ ಎಂಬ ಆನ್‌ಲೈನ್ ಆಟಗಳ ತಾಣದಲ್ಲಿ ಆಡುವ ಮಕ್ಕಳಿಗೆ ಈ ಸಾಲು ಚಿರಪರಿಚಿತ. ಆಗ ಅವನು ಹೇಳಬೇಕಾದ್ದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ, ಬಿಡಿ ಅಕ್ಷರಗಳಲ್ಲಿ, ಹಲವು ಸಂದೇಶಗಳಿಗೆ ಹಂಚಿ ಕಳಿಸುತ್ತಾನೆ, ಅದನ್ನು ಜೋಡಿಸಿ ಓದುವುದು ಮಗುವಿಗೆ ಆಟದೊಳಗಿನ ಇನ್ನೊಂದು ಆಟವಾಗುತ್ತದೆ. ಹೊಸ ಆ್ಯಪ್‌ನಲ್ಲಿ ಇವರ ಮಾತನ್ನು ತಡೆಯುವವರಿಲ್ಲ. ಒಂದು ಫೋಟೋ ಕೈಗೆ ಸಿಕ್ಕಿದರೆ ಸಾಕು, ದನಿ ಬದಲಾಗುತ್ತದೆ: ‘ಮನೆಯಲ್ಲಿ ಗೊತ್ತಾದರೆ ನಿನ್ನ ಗೇಮ್ ಹೋಗುತ್ತೆ, ನೆನಪಿರಲಿ.’ ಈ ಬೆದರಿಕೆ ಫಲಿಸುವುದು ಅದು ನಿಜವಾಗಿರುವುದರಿಂದ. ಅದನ್ನು ಸುಳ್ಳು ಮಾಡುವುದು ಹೆತ್ತವರಿಂದ ಮಾತ್ರ ಸಾಧ್ಯ.

ನನ್ನ ಪರಿಚಯದ ಅಧ್ಯಾಪಕಿಯೊಬ್ಬರು ತಮ್ಮ ತರಗತಿಯಲ್ಲಿ ಒಂದು ಪ್ರಶ್ನೆ ಕೊಟ್ಟು, ಹೆಸರು ಬರೆಯದೆ ಚೀಟಿಯಲ್ಲಿ ಉತ್ತರಿಸಲು ಹೇಳಿದ್ದರು: ಆಟದಲ್ಲಿ ಯಾರಾದರೂ ತೊಂದರೆ ಕೊಟ್ಟರೆ ಯಾರಿಗೆ ಹೇಳುತ್ತೀರಿ? ‘ಫ್ರೆಂಡ್‌ಗೆ’ ಎಂದವರು, ‘ಯಾರಿಗೂ ಇಲ್ಲ’ ಎಂದವರೇ ಹೆಚ್ಚು. ಒಂದು ಚೀಟಿಯಲ್ಲಿ ‘ಅಮ್ಮನಿಗೆ ಹೇಳುತ್ತಿದ್ದೆ, ಆದರೆ ಆಮೇಲೆ ಆಡಲು ಬಿಡುವುದಿಲ್ಲ’ ಎಂದಿತ್ತಂತೆ. ಇದಕ್ಕೆ ಎದುರಾದ ಇನ್ನೊಂದು ಚಿತ್ರವೂ ನನ್ನ ಬಳಿಯಿದೆ. ಗೆಳೆಯರೊಬ್ಬರು ಮಗಳ ಪಕ್ಕದಲ್ಲಿ ಕೂತು, ಸೋಲುತ್ತಲೇ, ಅವಳ ಆಟವನ್ನು ಕಲಿತರು. ಒಂದು ಸಂಜೆ ಅವಳು ಹೆಡ್‌ಸೆಟ್ ತೆಗೆದು ಅವರ ಕೈಗಿಟ್ಟು, ‘ಅಪ್ಪಾ, ಇವನು ಆಗಿನಿಂದ ನನ್ನ ವಯಸ್ಸನ್ನೇ ಕೇಳ್ತಿದಾನೆ, ನೀನೇ ಮಾತಾಡು’ ಎಂದಳು. ಗಂಡಸಿನ ದನಿ ಕೇಳಿದ್ದೇ ತಡ, ಆಚೆಯವನು ಆಟ ಬಿಟ್ಟು ಹೋದ. ಇಬ್ಬರೂ ಸೇರಿ ಅವನನ್ನು ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಆಟ ಮುಂದುವರಿಸಿದರು. ಆಟ ಮುಂದುವರಿಯಿತು ಎಂಬುದನ್ನು ದಯವಿಟ್ಟು ಗಮನಿಸಿ.

ಹಾಗೆಂದು ಎಲ್ಲ ಹೊಣೆಯನ್ನೂ ಹೆತ್ತವರ ಹೆಗಲಿಗೆ ಹೊರಿಸಿ ಆಟದ ಕಂಪನಿಗಳನ್ನು ಬಿಟ್ಟುಬಿಡಲು ನಾನು ಸಿದ್ಧನಿಲ್ಲ. ಆಟದ ಮೇಲೆ ಮುದ್ರಿಸುವ ವಯಸ್ಸಿನ ಅಂಕಿಯನ್ನು ನೋಡಿ ನಾವು ನಿಶ್ಚಿಂತರಾಗುತ್ತೇವೆ. ಆ ಅಂಕಿ ಆಟದ ಕಥೆ, ಚಿತ್ರ, ಹಿಂಸೆಯ ಪ್ರಮಾಣಗಳನ್ನು ಅಳೆದದ್ದು. ಒಳಗೆ ಎದುರಾಗುವ ಮನುಷ್ಯರನ್ನು ಯಾರೂ ಅಳೆದಿಲ್ಲ. ಆಟಗಳಿಗೆ ವಯಸ್ಸಿನ ಶ್ರೇಣಿ ಕೊಡುವ ಅಮೆರಿಕದ ಸಂಸ್ಥೆ ಇ.ಎಸ್.ಆರ್.ಬಿ. ಆನ್‌ಲೈನ್ ಮಾತುಕತೆಗೆ ತನ್ನ ಶ್ರೇಣಿ ಅನ್ವಯಿಸದೆಂದು ಸ್ಪಷ್ಟವಾಗಿಯೇ ಹೇಳುತ್ತದೆ, ಆದರೆ ಆ ಸಾಲನ್ನು ಓದುವವರು ಎಷ್ಟು ಮಂದಿ? ಫೋರ್ಟ್‌ನೈಟ್ ಆಟದಲ್ಲಿ ಮಕ್ಕಳಿಗೂ ವಾಯ್ಸ್ ಚಾಟ್ ಮೊದಲಿನಿಂದಲೇ ತೆರೆದೇ ಇರುತ್ತಿತ್ತು. ಅದನ್ನು ಬೇಕೆಂದವರು ಮಾತ್ರ ತೆರೆದುಕೊಳ್ಳುವಂತೆ ಮಾಡಿ ಎಂದು ಆ ಆಟ ತಯಾರಿಸಿದ ಎಪಿಕ್ ಗೇಮ್ಸ್‌ನ ನೌಕರರೇ ಒತ್ತಾಯಿಸಿದ್ದರೂ ಕಂಪನಿ ಕೇಳಲಿಲ್ಲ, ಕೊನೆಗೆ ಇಟ್ಟ ಗುಂಡಿಯೂ ಸುಲಭವಾಗಿ ಸಿಗದಂತಿತ್ತು ಎಂಬುದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಆರೋಪ. ಡಿಸೆಂಬರ್ 2022ರಲ್ಲಿ ಮಕ್ಕಳ ಖಾಸಗಿತನದ ಕಾನೂನು ಮುರಿದದ್ದಕ್ಕೆ ಕಂಪನಿ 27.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. 2006ರಲ್ಲಿ ಶುರುವಾದ ರೋಬ್ಲಾಕ್ಸ್, 13 ವರ್ಷದೊಳಗಿನವರಿಗೆ ಆಟದ ಹೊರಗಿನ ನೇರ ಸಂದೇಶಗಳನ್ನು ಮುಚ್ಚಿದ್ದು 2024ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಮೊದಮೊದಲು ಆಡಿದ ಮಕ್ಕಳೆಲ್ಲ ದೊಡ್ಡವರಾಗಿದ್ದರು! ಮಕ್ಕಳ ಖಾತೆಯಲ್ಲಿ ಅಪರಿಚಿತರ ಮಾತು ಮೊದಲೇ ಮುಚ್ಚಿರಬೇಕು, ತೆರೆಯಬೇಕಾದವರು ಹುಡುಕಿ ತೆರೆಯಲಿ. ಇದಕ್ಕಾಗಿ ಈ ಪತ್ರಿಕೆ ಒತ್ತಾಯಿಸುತ್ತದೆ, ಒತ್ತಾಯಿಸುತ್ತಲೇ ಇರುತ್ತದೆ.

ಇನ್ನು ನಿಮ್ಮ ಮನೆಯ ಮಾತು. ಖಾತೆಯೊಂದಿಗೆ ಆ ವ್ಯಕ್ತಿಯ ಸಂದೇಶಗಳೂ ನಿಮ್ಮ ಕಣ್ಣಿನಿಂದ ಮರೆಯಾಗಿವೆ. ಮೊದಲು ಸ್ಕ್ರೀನ್‌ಶಾಟ್ ತೆಗೆದು, ಯೂಸರ್‌ನೇಮ್ ಬರೆದುಕೊಂಡು, ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್ ಎಂಬ ಕ್ರಮದಲ್ಲಿ ಹೋಗಬೇಕಿತ್ತು. ಆದರೂ ಕಂಪನಿಯ ಸರ್ವರ್‌ನಲ್ಲಿ ದಾಖಲೆ ಕೆಲಕಾಲ ಉಳಿದಿರಬಹುದು. ಮಗನಿಗೆ ನೆನಪಿರುವ ಹೆಸರು, ದಿನಾಂಕಗಳನ್ನು ಬರೆದು ಇಂದೇ ಕಂಪನಿಗೂ ಪೊಲೀಸರಿಗೂ ದೂರು ಕೊಡಿ. ಆ ಇನ್ನೊಂದು ಆ್ಯಪ್‌ನಲ್ಲಿ ಮಾತುಕತೆ ಇನ್ನೂ ಇದ್ದರೆ ಅಳಿಸಬೇಡಿ. ಫೋಟೋ ಹೋಗಿಬಿಟ್ಟಿರುವ ಮನೆಯವರೂ ಈ ಪುಟ ಓದುತ್ತಿರಬಹುದು. ಬೆದರಿಸುವವನು ಕೇಳಿದ ಹಣವನ್ನಾಗಲಿ ಇನ್ನೊಂದು ಫೋಟೋವನ್ನಾಗಲಿ ಅವರು ಕೊಡಬಾರದು. ಅಮೆರಿಕದ ನಾಪತ್ತೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಲ್ಲಿ ಚಿತ್ರವನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ. ನಿಮ್ಮ ಸಾಧನದಲ್ಲೇ ಅದರ ಡಿಜಿಟಲ್ ಗುರುತು ಸಿದ್ಧವಾಗುತ್ತದೆ, ಕೈಜೋಡಿಸಿರುವ ಜಾಲತಾಣಗಳು ಆ ಗುರುತನ್ನು ಹಿಡಿದು ಚಿತ್ರವನ್ನು ಪತ್ತೆಹಚ್ಚಿ ತೆಗೆಯಬಲ್ಲವು.

ಟ್ಯಾಬನ್ನು ಮಗನಿಗೆ ಹಿಂದಿರುಗಿಸಿ, ಮತ್ತು ಹೇಳಿದ್ದು ಒಳ್ಳೆಯದಾಯಿತು ಎಂದು ಬಾಯಿಬಿಟ್ಟು ಹೇಳಿ. ಹೊಸ ಖಾತೆಗೆ ಅವನ ನಿಜವಾದ ವಯಸ್ಸನ್ನೇ ಕೊಡಿ, ಚಾಟ್ ಮುಚ್ಚಿಡಿ, ಆಟ ಎಲ್ಲರೂ ಓಡಾಡುವ ಕೋಣೆಯಲ್ಲಿ ನಡೆಯಲಿ. ಆಗಾಗ ಇಬ್ಬರೂ ಕೂತು ಫ್ರೆಂಡ್ ಪಟ್ಟಿಯ ಒಂದೊಂದು ಹೆಸರಿಗೂ ‘ಇವನು ಯಾರು, ಎಲ್ಲಿ ನೋಡಿದ್ದೀಯ?’ ಎಂದು ಕೇಳಿ. ‘ಗೇಮಲ್ಲೇ ಸಿಕ್ಕಿದ್ದು’ ಎಂಬ ಉತ್ತರ ಬಂದ ಹೆಸರನ್ನು ಅವನೇ ತನ್ನ ಕೈಯಾರೆ ತೆಗೆಯಲಿ.