ಕೀಮೋ ಅಂದ ಕೂಡಲೇ ಕೊನೆಯ ಹಂತವೇ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೂ ಹರಡಿದೆ ಅಂತ ಮೊನ್ನೆ ಗೊತ್ತಾಯಿತು. ಹಾರ್ಮೋನ್ ಇಂಜೆಕ್ಷನ್ ಜೊತೆಗೆ ಕೀಮೋನೂ ಬೇಕು ಅಂತಾರೆ ಡಾಕ್ಟರು. ಅಂದ್ರೆ ಕೈ ಮೀರಿತು ಅಂತಾನಾ?

ಉತ್ತರ: ಇಲ್ಲಮ್ಮ, ಹಾಗಲ್ಲ. ಮೊದಲೆಲ್ಲ ಹಾರ್ಮೋನ್ ಚಿಕಿತ್ಸೆ ಸೋತ ಮೇಲಷ್ಟೇ ಕೀಮೋ ಕೊಡುತ್ತಿದ್ದರು, ಆ ಭಯ ಇನ್ನೂ ಜನರ ಮನಸ್ಸಲ್ಲಿ ಉಳಿದಿದೆ. ಈಗ ಕಾಯಿಲೆ ಜಾಸ್ತಿ ಹರಡಿದ್ದರೆ, ದೇಹ ತಡೆದುಕೊಳ್ಳುವಂತಿದ್ದರೆ, ಶುರುವಿನಲ್ಲೇ ಎರಡನ್ನೂ ಸೇರಿಸಿ ಕೊಡುತ್ತಾರೆ. ಪೂರ್ತಿ ಗುಣವಾಗುತ್ತೆ ಅಂತ ನಾನು ಹೇಳಲಾರೆ. ಆದರೆ ಆಯಸ್ಸು ಹೆಚ್ಚುತ್ತದೆ, ನೋವು ತಗ್ಗಬಹುದು, ಅದೇನು ಸಣ್ಣ ಮಾತಲ್ಲ.

ಸಾಮಾನ್ಯವಾಗಿ ಕೊಡುವ ಔಷಧಿ ಡೋಸಿಟ್ಯಾಕ್ಸೆಲ್. ಇದು ಕ್ಯಾನ್ಸರ್ ಕಣ ಒಂದು ಎರಡಾಗುವುದನ್ನು ತಡೆಯುತ್ತದೆ. 3 ವಾರಕ್ಕೊಮ್ಮೆ, ಸುಮಾರು ಒಂದು ಗಂಟೆ ಡ್ರಿಪ್, ಹೀಗೆ ಸಾಮಾನ್ಯವಾಗಿ 6 ಸಲ. ಕೂದಲು ಉದುರುತ್ತೆ, ಸುಸ್ತಾಗುತ್ತೆ, ಬೆರಳು ಜೋಮು ಹಿಡಿಯಬಹುದು. ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ. ಜೋಮು ಮಾತ್ರ ಕೆಲವರಿಗೆ ಉಳಿದುಬಿಡುತ್ತೆ, ಹಾಗಾಗಿ ಶುರುವಾದ ಕೂಡಲೇ ಡಾಕ್ಟರಿಗೆ ಹೇಳಿ.

ನಿಜವಾಗಿ ಹೆದರಬೇಕಾದ್ದು ಜ್ವರಕ್ಕೆ. ಕೀಮೋದಿಂದ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಕಮ್ಮಿಯಾಗಿರುವ ದಿನಗಳಲ್ಲಿ 100.4 ಡಿಗ್ರಿ ದಾಟಿದರೆ, ಸುಮ್ನೆ ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಥರ್ಮಾಮೀಟರ್ ಇದೆ ಅಲ್ವಾ? ಇಲ್ಲದಿದ್ದರೆ ಇವತ್ತೇ ತನ್ನಿ.