ಖಾತೆಗೆ ಬಿದ್ದ ದುಡ್ಡು ಕೈಗೆ ಬರೋದು ಯಾಕೆ ಕಷ್ಟ?

ಎಲ್ಲರಿಗೂ ಬ್ಯಾಂಕ್ ಖಾತೆ ಇದೆ, ಗೂಡಂಗಡಿಯಲ್ಲೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ, ಆದರೂ ಹಳ್ಳಿಯವರು ಎಟಿಎಂ ಇಲ್ಲ ಅಂತ ಯಾಕೆ ಪರದಾಡುತ್ತಾರೆ ಅಂತ ಕೇಳಿದ್ದೀರಿ. ನಮ್ಮೂರಿನ ಕತೆಯನ್ನೇ ಹೇಳುತ್ತೇನೆ.

ಹೊಸನಗರ ತಾಲ್ಲೂಕಿನ ಒಳಗೆ, ಅಡಿಕೆ ತೋಟಗಳ ನಡುವೆ ನಮ್ಮೂರು. ಹತ್ತಿರದ ಎಟಿಎಂಗೆ ಹದಿನಾಲ್ಕು ಕಿಲೋಮೀಟರ್. ದಿನಕ್ಕೆ ಮೂರು ಬಸ್ಸು, ಮೂರೂ ಖಾಸಗಿ. ಹಾಗಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅನ್ನೋದನ್ನು ನಾವು ಪೇಪರಿನಲ್ಲಿ ಓದಿದ್ದಷ್ಟೆ. ಪೇಟೆ ಮುಟ್ಟಿದರೂ ಆಯಿತಲ್ಲ ಅನ್ನೋ ಹಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ, ಎರಡೂ ಇದ್ದರೆ ಮಿಷನ್ನಿನಲ್ಲಿ ದುಡ್ಡಿಲ್ಲ.

ಖಾತೆ ಇಲ್ಲದ ಕಾಲ ಹೋಯಿತು, ಅದು ನಿಜ. 2014ರ ಆಗಸ್ಟ್‌ನಲ್ಲಿ ಜನಧನ್ ಶುರುವಾದ ಮೇಲೆ ಮಿನಿಮಮ್ ಬ್ಯಾಲೆನ್ಸ್ ಬೇಡದ ಖಾತೆ ಮನೆಮನೆಗೆ ಬಂತು. ಗೃಹಲಕ್ಷ್ಮಿಯ 2,000 ರೂಪಾಯಿ, ಉದ್ಯೋಗ ಖಾತ್ರಿ ಕೂಲಿ, ಪಿಂಚಣಿ ಎಲ್ಲ ಅಲ್ಲಿಗೇ ಬೀಳುತ್ತದೆ. ಬಿದ್ದದ್ದನ್ನು ಎತ್ತಿಕೊಳ್ಳೋದೇ ಪಾಡು.

ಹಾಗಂತ ಹಳ್ಳಿಹಳ್ಳಿಗೂ ಎಟಿಎಂ ಇಡಿ ಅಂದರೆ ಯಾವ ಬ್ಯಾಂಕೂ ಒಪ್ಪಲ್ಲ. ಬಾಡಿಗೆ, ಕರೆಂಟು, ದುಡ್ಡು ತುಂಬುವ ವ್ಯಾನು, ರಿಪೇರಿ ಎಲ್ಲಕ್ಕೂ ಖರ್ಚಿದೆ. ಬೇರೆ ಬ್ಯಾಂಕಿನ ಕಾರ್ಡ್ ಹಾಕಿ ದುಡ್ಡು ತೆಗೆದಾಗ ಮಿಷನ್ ಇಟ್ಟವರಿಗೆ ಸಿಗುವುದು 19 ರೂಪಾಯಿ. ಅದೂ 2025ರ ಮೇ ತಿಂಗಳಿಂದ, ಮೊದಲು 17 ಇತ್ತು. ದಿನಕ್ಕೆ ಇಪ್ಪತ್ತು ಜನ ಬರುವ ಕಡೆ ಇದರಲ್ಲಿ ಏನು ಗಿಟ್ಟುತ್ತೆ ಹೇಳಿ.

ಅದಕ್ಕೇ ನಮ್ಮ ಕಡೆ ಎಟಿಎಂ ಅಂದರೆ ಜೆರಾಕ್ಸ್ ಅಂಗಡಿ. ಆಧಾರ್ ನಂಬರ್ ಹೇಳಿ, ಬ್ಯಾಂಕಿನ ಹೆಸರು ಹೇಳಿ, ಸಣ್ಣ ಮಿಷನ್ ಮೇಲೆ ಬೆರಳಿಟ್ಟರೆ ನಮ್ಮ ಖಾತೆಯಲ್ಲಿ ದುಡ್ಡು ಕಟ್ ಆಗುತ್ತದೆ, ಬ್ಯಾಂಕಿನ ಪರವಾಗಿ ಅಂಗಡಿಯವನು ತನ್ನ ಗಲ್ಲಾದಿಂದ ನೋಟು ಎಣಿಸಿ ಕೊಡುತ್ತಾನೆ. ಕಾರ್ಡು ಬೇಡ, ಪಿನ್ ಬೇಡ. ಓದು ಬರಹ ಬಾರದವರಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಆದರೆ ಅವನ ಗಲ್ಲಾ ಖಾಲಿಯಾದರೆ ಬ್ಯಾಂಕೂ ಖಾಲಿ! ಗೃಹಲಕ್ಷ್ಮಿ ಬಂದ ದಿನ ಹನ್ನೊಂದು ಗಂಟೆಗೇ "ನಾಳೆ ಬನ್ನಿ ಅಕ್ಕಾ" ಶುರು. ಕಮಿಷನ್ ಅವನಿಗೆ ಬ್ಯಾಂಕಿನಿಂದಲೇ ಬರುತ್ತದೆ, ಆದರೂ ಸಾವಿರಕ್ಕೆ ಹತ್ತು ರೂಪಾಯಿ ಹಿಡಿದುಕೊಳ್ಳುತ್ತಾನೆ. ಬಸ್ ಚಾರ್ಜು ಉಳಿಯಿತಲ್ಲ ಅಂತ ಯಾರೂ ಜಗಳಕ್ಕೆ ಹೋಗಲ್ಲ.

ಇನ್ನು ಬೆರಳಿನ ವಿಷಯ. ನಮ್ಮ ದೊಡ್ಡಮ್ಮ ಕೊಯ್ಲು ಶುರುವಾದರೆ ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುತ್ತಾರೆ. ಚೊಗರಿಗೆ ಬೆರಳೆಲ್ಲ ಕಪ್ಪು, ಹೆಬ್ಬೆರಳಿನ ತುಂಬ ಸಣ್ಣ ಸಣ್ಣ ಗೀರು. ಹೋದ ವರ್ಷ ನಾನೇ ಕರೆದುಕೊಂಡು ಹೋಗಿದ್ದೆ. ಒಂದು ಸಲ ಒತ್ತಿದರು, ಹತ್ತಲಿಲ್ಲ. ಸೆರಗಿಗೆ ಒರೆಸಿಕೊಂಡು ಒತ್ತಿದರು, ಇಲ್ಲ. ಅಂಗಡಿಯ ಹುಡುಗ ಕೊಬ್ಬರಿ ಎಣ್ಣೆ ಕೊಟ್ಟ. ಹತ್ತು ಬೆರಳಲ್ಲಿ ಯಾವುದಾದರೂ ನಡೆಯುತ್ತದೆ, ಹಾಗಾಗಿ ಒಂದೊಂದಾಗಿ ಇಟ್ಟು ನೋಡಿದೆವು. ಕೊನೆಗೆ ಎಡಗೈ ಉಂಗುರದ ಬೆರಳು ಹತ್ತಿತು. ಅಷ್ಟರಲ್ಲಿ ಸರ್ವರ್ ಕೈಕೊಟ್ಟಿತು. ಖಾತೆಯಲ್ಲಿ ದುಡ್ಡು ಕಟ್ ಆಗಿದೆ, ಕೈಗೆ ಬಂದಿಲ್ಲ! ದೊಡ್ಡಮ್ಮ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ.

ನಾಲ್ಕನೇ ದಿನ ಅದು ತಾನಾಗಿಯೇ ವಾಪಸ್ ಬಂತು. ನಿಮ್ಮ ಮನೆಯವರಿಗೂ ಹೀಗಾದರೆ ಗೊತ್ತಿರಲಿ, ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಐದು ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ ಕೊಡಬೇಕು. ಎಟಿಎಂಗೂ ಇದೇ ಲೆಕ್ಕ. ಚೀಟಿ ಮಾತ್ರ ಕೇಳಿ ಇಸಕೊಳ್ಳಿ. "ಹತ್ತಲಿಲ್ಲ, ಇನ್ನೊಂದ್ಸಲ ಒತ್ತಿ" ಅಂದಾಗಲೂ ಮೊದಲನೆಯದು ಫೇಲ್ ಆಗಿದ್ದಕ್ಕೆ ಚೀಟಿ ತೋರಿಸಿ ಅನ್ನಿ.

ಫೋನ್‌ಪೇ ಇಲ್ವಾ ಅಂದಿರಿ. ಇದೆ, ನಮ್ಮಂಥವರಿಗೆ. ಡಬ್ಬಕ್ಕೆ ಇಷ್ಟು ಅನ್ನೋ ಕೂಲಿಗೆ ಅಡಿಕೆ ಸುಲಿಯೋಕೆ ಬರುವ ಹೆಂಗಸರ ಹತ್ತಿರ ಇರುವುದು ಕೀಪ್ಯಾಡ್ ಫೋನು. ಅವರಿಗೆ ಸಂಜೆ ಕೊಡಬೇಕಾದದ್ದು ನೋಟು. ಆ ನೋಟಿಗಾಗಿ ನಾವೂ ಸೊಸೈಟಿಗೆ ಓಡುತ್ತೇವೆ.

ವಯಸ್ಸಾದವರಿದ್ದರೆ ಒಮ್ಮೆ ಪೋಸ್ಟ್‌ಮ್ಯಾನ್‌ನ ಕೇಳಿ ನೋಡಿ. 2018ರಲ್ಲಿ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅವರು ಮನೆ ಬಾಗಿಲಲ್ಲೇ ಬೆರಳು ಒತ್ತಿಸಿಕೊಂಡು ದುಡ್ಡು ಕೊಡುತ್ತಾರೆ, ಖಾತೆ ಬೇರೆ ಬ್ಯಾಂಕಿನದ್ದಾದರೂ ಸರಿ. ನಮ್ಮಲ್ಲಿ ವಾರಕ್ಕೆರಡು ಸಲ ಬರುತ್ತಾರೆ.

ದೊಡ್ಡಮ್ಮ ಈಗ ಸುಲಿಯೋಕೆ ಕೂರುವ ಮೊದಲು ಎಡಗೈ ಉಂಗುರದ ಬೆರಳಿಗೆ ಹಳೇ ಬಟ್ಟೆ ಸುತ್ತಿಕೊಳ್ಳುತ್ತಾರೆ. ಗಾಯ ಆಯ್ತಾ ಅಂತ ಯಾರಾದರೂ ಕೇಳಿದರೆ, "ಇಲ್ವೇ, ಇದು ಬ್ಯಾಂಕಿಂದು" ಅಂತಾರೆ.