ಶಾಂತಿ ಸಮಿತಿಯಲ್ಲಿ ಅಂಗವಿಕಲ ಮಹಿಳೆಯರಿಗೆ ಉಪಸಮಿತಿ ಬೇಕೇ?

ಗಲಾಟೆ ನಡೆದ ಊರಿನ ಶಾಂತಿ ಸಮಿತಿಯಲ್ಲಿ ಅಂಗವಿಕಲ ಮಹಿಳೆಯರಿಗೆ ಉಪಸಮಿತಿ ಮಾಡಬೇಕೇ, ಒಂದು ಸ್ಥಾನ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಪ್ರಶ್ನೆಯೇ ತಪ್ಪು. ನಾವು ಕೊಡುವವರು, ಅವರು ಪಡೆಯುವವರು ಎಂದು ನಾನೂ ನಂಬಿದ್ದೆ.

ಕುಮಟಾ ಕಡೆಯ ನಮ್ಮ ಕಡಲಂಚಿನ ಊರಿನಲ್ಲಿ ಮೆರವಣಿಗೆಯ ದಾರಿಯ ಜಗಳ ಕಲ್ಲು ತೂರಾಟಕ್ಕೆ ತಿರುಗಿ ಎರಡು ಕೇರಿಗಳ ಮಾತು ನಿಂತುಹೋದಾಗ, ಸಮಿತಿಗೆ ಜನರನ್ನು ಸೇರಿಸುವ ಹೊಣೆ ನನ್ನದಾಗಿತ್ತು. ಪೋಲಿಯೋದಿಂದ ಕಾಲು ಸೋತು ಊರುಗೋಲು ಹಿಡಿದು ನಡೆಯುವ ಒಬ್ಬ ದರ್ಜಿ ಅಕ್ಕ ಅಲ್ಲಿದ್ದರು. ನಾನು ಅವರ ಮನೆಗೆ ಹೋದದ್ದು ನಿಜ. ಆದರೆ ಜಗಲಿಯಲ್ಲಿ ಕೂತು ಕೇಳಿದ್ದು ಅವರ ಅಣ್ಣನನ್ನು. "ಅದ್ಕೆ ಎಂತಕ್ಕೆ ಇದೆಲ್ಲ, ಮೆಟ್ಟಿಲು ಹತ್ತೂಕಾಗೂದಿಲ್ಲ" ಎಂದರು. ಸಭೆ ಮಹಡಿಯ ಮೇಲಿತ್ತು. ಸಭೆಯನ್ನು ಕೆಳಗೆ ಇಳಿಸಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತದ್ದು ಕೇಳಿಸಿತ್ತು, ಅವರು ಆಲಿಸುತ್ತಿದ್ದಾರೆಂದೂ ಗೊತ್ತಿತ್ತು, ಆದರೂ ಅಣ್ಣನ ಮಾತನ್ನೇ ಉತ್ತರವೆಂದುಕೊಂಡು, ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಬರೆದು, ಅವರನ್ನು ಒಳಗೊಂಡೆವೆಂದು ಸಮಾಧಾನಪಟ್ಟೆ.

ನಾವು ಮೆರವಣಿಗೆಯ ದಾರಿ ಮಾತ್ರ ಇತ್ಯರ್ಥಪಡಿಸಿದೆವು. ಕೆಲವೇ ತಿಂಗಳಲ್ಲಿ ಜಗಳ ಮತ್ತೆ ಹೊತ್ತಿತು, ಈ ಸಲ ಹೆಂಗಸರ ಸ್ವಸಹಾಯ ಸಂಘದ ಹಣಕ್ಕಾಗಿ. ಎರಡೂ ಕೇರಿಯವರಿದ್ದ ಸಂಘ ಒಡೆದು ಉಳಿತಾಯ ಸಿಕ್ಕಿಬಿದ್ದಿದ್ದು ಸಮಿತಿಯ ಗಂಡಸರಿಗೆ ತಿಳಿದೇ ಇರಲಿಲ್ಲ. ಅಕ್ಕನಿಗೆ ಮೊದಲ ವಾರದಿಂದಲೇ ಗೊತ್ತಿತ್ತು. ಗಲಾಟೆಯ ನಂತರವೂ ಎರಡೂ ಕೇರಿಯ ಹೆಂಗಸರು ಮಕ್ಕಳ ಕೈಯಲ್ಲಿ ರವಿಕೆ ಕಣ ಕಳಿಸುತ್ತಿದ್ದುದು ಅವರೊಬ್ಬರ ಮನೆಗೆ. ಅಳತೆ ಪುಸ್ತಕದಲ್ಲಿ ಎರಡೂ ಕಡೆಯ ಹೆಸರುಗಳು ಒಂದರ ಕೆಳಗೊಂದು ಇದ್ದವು.

ಕಾಗದದಲ್ಲಿಯೂ ಇದೇ ಕಥೆ. ಮಹಿಳೆ ಮತ್ತು ಶಾಂತಿಯ ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ರಲ್ಲಿ ಅಂಗೀಕರಿಸಿದ 1325ನೇ ನಿರ್ಣಯದಲ್ಲಿ ಅಂಗವೈಕಲ್ಯದ ಮಾತಿಲ್ಲ. ಅಂಗವಿಕಲರು ಶಾಂತಿ ಕಟ್ಟುವುದರಲ್ಲೂ ಭಾಗಿಗಳಾಗಬೇಕೆಂಬ 2475ನೇ ನಿರ್ಣಯ ಬಂದದ್ದು 2019ರಲ್ಲಿ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಕಲಮು ಸಶಸ್ತ್ರ ಸಂಘರ್ಷ, ವಿಪತ್ತುಗಳಲ್ಲಿ ಅವರ ರಕ್ಷಣೆಯನ್ನು ಹೇಳುತ್ತದೆ, ಜಿಲ್ಲಾ ವಿಪತ್ತು ಪ್ರಾಧಿಕಾರ ಅವರ ವಿವರ ಇಡಬೇಕೆನ್ನುತ್ತದೆ. ರಕ್ಷಣೆ ಬೇಕು, ಪಟ್ಟಿಯೂ ಬೇಕು. ಆದರೆ ಪಟ್ಟಿ ಮಾಡಿದವನು ನಾನೇ ಆದ್ದರಿಂದ ಹೇಳುತ್ತೇನೆ, ಅದು ಮಾತುಕತೆಯಲ್ಲ.

ಉಪಸಮಿತಿಯ ಯೋಚನೆ ಬಿಡಿ. ಅಂಗವಿಕಲರಿಗಾಗಿ ಕೆಲಸ ಮಾಡುವ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆದುಕೊಂಡು ಆ ಮಹಿಳೆಯರ ಮನೆಗೇ ಹೋಗಿ, ಮನೆಯವರನ್ನು ಹೊರಗೆ ಕೂರಿಸಿ, ಸಭೆ ಎಲ್ಲಿ, ಯಾವಾಗ, ಯಾವುದರ ಬಗ್ಗೆ ಆಗಬೇಕೆಂದು ಅವರನ್ನೇ ಕೇಳಿ. ಎರಡನೆಯ ಸಲ ನಾನು ಕೇಳಿದಾಗ ಅಕ್ಕ ತಮ್ಮ ಸ್ಥಾನದ ಮಾತನ್ನೇ ಎತ್ತಲಿಲ್ಲ. "ಸಂಜೆ ಏಳಕ್ಕೆ ಇಟ್ರೆ ಯಾವ ಹೆಂಗಸೂ ಬರೂದಿಲ್ಲ, ಮೀನುಪೇಟೆ ಮುಗಿದ ಮೇಲೆ ಮಧ್ಯಾಹ್ನ ನನ್ನ ಜಗಲಿಯಲ್ಲೇ ಇಡಿ" ಎಂದರು. ಹಾಗೆಯೇ ಇಟ್ಟೆವು.